ಟಿಲ್ ಲಿಂಡೆಮನ್ ಬೆಳೆದ ಊರಿನ ಕಡೆ ಹೋಗೋರಿಗೆ

ಟಿಲ್ ಅಂದ್ರೆ ಜರ್ಮನಿಯ ಮೆಟಲ್ ಬ್ಯಾಂಡ್ ರಾಮ್‌ಸ್ಟೈನ್‌ನ ಹಾಡುಗಾರ. ಈ ಬ್ಯಾಂಡಿನ ಫ್ಯಾನ್ಸ್ ಜರ್ಮನಿಗೆ ಹೋದ್ರೆ ಬರ್ಲಿನ್ ಸುತ್ಕೊಂಡು ವಾಪಸ್ ಬಂದ್‌ಬಿಡ್ತಾರೆ. ನನ್ನ ಕೇಳಿದ್ರೆ ಒಂದು ದಿನ ಉತ್ತರಕ್ಕೆ ಶ್ವೆರಿನ್‌ಗೆ ಅಂತ ಎತ್ತಿಡಲೇಬೇಕು. ಟಿಲ್ ಹುಟ್ಟಿದ್ದು 1963ರಲ್ಲಿ ಲೈಪ್‌ಜಿಗ್‌ನಲ್ಲಿ, ಬೆಳೆದಿದ್ದು ಮಾತ್ರ ಶ್ವೆರಿನ್ ಹತ್ರದ ವೆಂಡಿಷ್ ರಾಂಬೋ ಅನ್ನೋ ಪುಟ್ಟ ಹಳ್ಳೀಲಿ. ಅಪ್ಪ ವೆರ್ನರ್ ಮಕ್ಕಳಿಗೆ ಪದ್ಯ ಬರೀತಿದ್ದ ಕವಿ. ಮಗ ರಾಸ್ಟಾಕ್‌ನ ಸ್ಪೋರ್ಟ್ಸ್ ಸ್ಕೂಲಲ್ಲಿ ಈಜಿ 1978ರಲ್ಲಿ ಪೂರ್ವ ಜರ್ಮನಿ ಪರ ಯುರೋಪಿಯನ್ ಜೂನಿಯರ್ ಚಾಂಪಿಯನ್‌ಶಿಪ್‌ಗೆ ಹೋದವನು, ಆಮೇಲೆ ಅದೂ ನಿಂತು ಬುಟ್ಟಿ ಹೆಣ್ಕೊಂಡು, ಶ್ವೆರಿನ್‌ನ ಪಂಕ್ ಬ್ಯಾಂಡಲ್ಲಿ ಡ್ರಮ್ಸ್ ಬಾರಿಸ್ಕೊಂಡಿದ್ದ, ರಾಮ್‌ಸ್ಟೈನ್‌ನಲ್ಲಿ ಮುಂದೆ ಬಂದು ಮೈಕ್ ಹಿಡಿದಿದ್ದು 1994ರಲ್ಲಿ, ಮೂವತ್ತು ದಾಟಿದ್ಮೇಲೆ!

ಬರ್ಲಿನ್‌ನಿಂದ ಶ್ವೆರಿನ್‌ಗೆ ರೀಜನಲ್ ಟ್ರೈನಲ್ಲೇ ಹೋಗಿ, ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ಇದ್ರೆ ಬೇರೆ ದುಡ್ಡು ಬೇಡ (ಐಸಿಇ ಅನ್ನೋ ಹೈಸ್ಪೀಡ್ ಟ್ರೈನಿಗೆ ಅದು ನಡೆಯಲ್ಲ). ಆ ಲೈನಲ್ಲಿ ಹಳಿ ಕೆಲಸ ನಡೀತಾ ಇರತ್ತೆ, ಹಿಂದಿನ ರಾತ್ರೀನೇ ಟ್ರೈನ್ ಆ್ಯಪ್ ನೋಡ್ಕೊಳ್ಳಿ. ಶ್ವೆರಿನ್‌ನಲ್ಲಿ ಕೆರೆ ಮಧ್ಯದ ಅರಮನೆ ನೋಡಿ, 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅಲ್ಲಿಂದ ವಿಸ್ಮಾರ್ ಟ್ರೈನ್ ಹತ್ತಿ ಬಾಡ್ ಕ್ಲೈನೆನ್‌ನಲ್ಲಿ ಇಳಿದ್ರೆ ದೊಡ್ಡ ಕೆರೆ ಉತ್ತರದ ತುದಿ, ರಾಂಬೋ ಆ ಕಡೇದೇ. ಹಳ್ಳೀಲಿ ಮ್ಯೂಸಿಯಂ, ಬೋರ್ಡು ಹುಡುಕ್ಬೇಡಿ, ಜನ ವಾಸ ಇರೋ ಜಾಗ, ಯಾರ ಮನೆ ಮುಂದೇನೂ ನಿಂತು ಫೋಟೋ ತೆಗೀಬೇಡಿ. ಕೆರೆ ದಂಡೇಲಿ ನಡೀರಿ ಸಾಕು. ಅವನ ಸಾಲುಗಳಲ್ಲಿ ನೀರು, ಚಳಿ, ಒಂಟಿತನ ಯಾಕಷ್ಟು ಬರತ್ತೆ ಅಂತ ನಂಗೆ ಅಲ್ಲೇ ಅನ್ನಿಸಿದ್ದು.

ಬರ್ಲಿನ್‌ನಲ್ಲಿ ತಪ್ಪಿಸ್ಬಾರದ್ದು ಟ್ರೆಪ್ಟೋ ಅರೇನಾ ಅನ್ನೋ ಶೋ ಹಾಲ್, ಟ್ರೆಪ್ಟೋವರ್ ಪಾರ್ಕ್ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು. 1927ರ ಬಸ್ ಡಿಪೋ ಅದು. ಬ್ಯಾಂಡಿನ 1996ರ ಶೋನಲ್ಲಿ ಉರೀತಿದ್ದ ಸ್ಟೇಜ್ ಸೆಟ್ ಕೆಳಗೆ ಬಿದ್ದಿದ್ದು ಇಲ್ಲೇ, ಅದಾದ್ಮೇಲೆ ಬೆಂಕಿ ಕೆಲಸಕ್ಕೆ ಪ್ರೊಫೆಷನಲ್ಸ್ ಬಂದ್ರು, ಟಿಲ್ ಕೂಡ ಟ್ರೈನಿಂಗ್ ತಗೊಂಡು ಪೈರೋಟೆಕ್ನಿಷಿಯನ್ ಆದ. ಅಷ್ಟು ಬೆಂಕಿ ನಡುವೆ ನಿಂತು ಹಾಡೋನು ಅದನ್ನ ಕಲಿತೇ ನಿಂತಿರೋದು, ನಂಗೆ ತುಂಬಾ ಗೌರವ ಇರೋದು ಇದಕ್ಕೆ. ಪಕ್ಕದಲ್ಲೇ ಸ್ಪ್ರೀ ನದಿ ಮೇಲೆ ತೇಲೋ ಈಜುಕೊಳ ಇದೆ, ಬೇಸಿಗೇಲಿ ಹೋದ್ರೆ ಓಪನ್ ಇದ್ಯಾ ನೋಡ್ಕೊಂಡು ಬಟ್ಟೆ ತಗೊಂಡು ಹೋಗಿ. ಟೈಮ್ ಇದ್ರೆ ಎಸ್3 ಲೋಕಲ್ ಟ್ರೈನಲ್ಲಿ ವೂಲ್‌ಹೈಡೆಗೆ ಹೋಗಿ, ಬ್ಯಾಂಡಿನ ಲೈವ್ ಆಲ್ಬಂ 1998ರಲ್ಲಿ ರೆಕಾರ್ಡ್ ಆಗಿದ್ದು ಅಲ್ಲಿನ ಬಯಲು ರಂಗದಲ್ಲಿ.

ಬ್ಯಾಂಡ್ ಹೆಸರು ಬಂದ ರಾಮ್‌ಸ್ಟೈನ್ ಊರನ್ನೂ ಕೆಲವರು ಲಿಸ್ಟಿಗೆ ಹಾಕ್ತಾರೆ. ಅದು ದೇಶದ ಇನ್ನೊಂದು ಮೂಲೆ, ಅಲ್ಲಿರೋದು ಅಮೆರಿಕದ ಏರ್‌ಬೇಸ್, ಅದರೊಳಗೆ ಬಿಡಲ್ಲ, 1988ರ ಏರ್‌ಶೋ ದುರಂತದಲ್ಲಿ 70 ಜನ ಸತ್ತ ಜಾಗ, ಫ್ಯಾನ್ ಟ್ರಿಪ್ ಅಂತ ಹೋಗೋದು ಬೇಡ. ಆ ದಿನಾನೂ ಶ್ವೆರಿನ್‌ಗೇ ಕೊಡಿ, ಭಾನುವಾರ ಬಿಟ್ಟು, ಅವತ್ತು ಹೆಚ್ಚಿನ ಅಂಗಡಿ ಮುಚ್ಚಿರತ್ತೆ.