ಸುಗ್ರೀವಾಜ್ಞೆಗೆ ಸಂವಿಧಾನದಲ್ಲೇ ಅವಕಾಶ ಇದೆ, ಮತ್ತೆ ತಕರಾರೇನು?

ಎಲ್ಲಾದರೂ ಸುಗ್ರೀವಾಜ್ಞೆ, ಅಂದರೆ ಸದನದ ಒಪ್ಪಿಗೆಗೆ ಕಾಯದೆ ಸರ್ಕಾರ ತರುವ ತಾತ್ಕಾಲಿಕ ಕಾನೂನು, ಹೊರಬಿದ್ದರೆ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಇದು. "ಸಂವಿಧಾನವೇ ಅಧಿಕಾರ ಕೊಟ್ಟಿದೆ ಅಲ್ವಾ?"

ಹೌದು, ಕೊಟ್ಟಿದೆ. ಸಂಸತ್ತಿನ ಅಧಿವೇಶನ ಇಲ್ಲದಾಗ ತುರ್ತು ಬಂದರೆ 123ನೇ ವಿಧಿಯಂತೆ ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸಬಹುದು. ರಾಜ್ಯಪಾಲರಿಗೆ 213ನೇ ವಿಧಿ. ಸಹಿ ಅವರದು, ತೀರ್ಮಾನ ಸಚಿವ ಸಂಪುಟದ್ದು. ಆದರೆ ಸದನ ಸೇರಿದ ಮೇಲೆ ಅದನ್ನು ಮಂಡಿಸಬೇಕು. ಆರು ವಾರದೊಳಗೆ ಕಾಯ್ದೆಯಾಗದಿದ್ದರೆ ಅದು ಬಿದ್ದುಹೋಗುತ್ತದೆ. ಬಿದ್ದುಹೋದದ್ದನ್ನೇ ಸರ್ಕಾರ ಮತ್ತೆ ಮತ್ತೆ ಹೊರಡಿಸಿದರೆ? ನನ್ನ ತಕರಾರು ಇರುವುದು ಅಲ್ಲಿ.

ಬಿಹಾರದಲ್ಲಿ ಆದದ್ದು ಅದೇ. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ತಾಳ್ಮೆಯಿಂದ ಲೆಕ್ಕ ಹಾಕಿದರು. 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಒಂದರಿಂದ 14 ವರ್ಷದವರೆಗೆ ಹೀಗೇ ಜೀವಂತ ಇಟ್ಟಿದ್ದರು. ಕಬ್ಬು ಖರೀದಿಯ ಸುಗ್ರೀವಾಜ್ಞೆಯೊಂದು 13 ವರ್ಷಕ್ಕೂ ಜಾಸ್ತಿ ನಡೆಯಿತು. ಅಷ್ಟು ವರ್ಷ ಕಬ್ಬು ಬೆಳೆಗಾರರ ಪರವಾಗಿ ಒಬ್ಬ ಶಾಸಕ ಎದ್ದು ನಿಂತು ತಿದ್ದುಪಡಿ ಕೇಳಬೇಕೆಂದರೂ ಸದನದ ಮುಂದೆ ಮಸೂದೆಯೇ ಇಲ್ಲ! ನನಗೆ ಸಿಟ್ಟು ಬರುವುದು ಇದಕ್ಕೆ. ಸರ್ಕಾರಕ್ಕೆ ಬಹುಮತ ಇರಬಹುದು. ಆದರೂ ಮಸೂದೆ ತಂದಾಗ ವಿರೋಧ ಪಕ್ಷ ಪ್ರಶ್ನೆ ಕೇಳುತ್ತದೆ, ಪತ್ರಿಕೆಗಳು ಬರೆಯುತ್ತವೆ, ಸಚಿವರು ಎದ್ದು ಉತ್ತರ ಕೊಡಲೇಬೇಕು.

ವಾಧ್ವಾ ಸುಪ್ರೀಂ ಕೋರ್ಟಿಗೆ ಹೋದರು. 1986ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಐವರ ಪೀಠ ಇದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು.

ಅಷ್ಟಾದರೂ ಬಿಹಾರ ಬಿಡಲಿಲ್ಲ. 1989ರಲ್ಲಿ 429 ಸಂಸ್ಕೃತ ಶಾಲೆಗಳನ್ನು ಸುಗ್ರೀವಾಜ್ಞೆಯಿಂದಲೇ ಸರ್ಕಾರ ವಹಿಸಿಕೊಂಡಿತು. 1992ರವರೆಗೆ ಒಂದರ ಹಿಂದೆ ಒಂದು ಸುಗ್ರೀವಾಜ್ಞೆ ಬಂತು. ಒಂದನ್ನೂ ಸದನದಲ್ಲಿ ಮಂಡಿಸಲಿಲ್ಲ. ಕೊನೆಗೆ ಸುಮ್ನೆ ಕೈಬಿಟ್ಟರು. ಸರ್ಕಾರಿ ನೌಕರರಾದೆವು ಎಂದುಕೊಂಡಿದ್ದ ಮೇಷ್ಟ್ರುಗಳು ಕೋರ್ಟು ಅಲೆದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಸದನದ ಮುಂದೆ ಮಂಡಿಸುವುದು ಕಡ್ಡಾಯ, ಮರಳಿ ಮರಳಿ ಹೊರಡಿಸುವುದು ವಂಚನೆ ಎಂದು ಬಹುಮತದ ತೀರ್ಪು ಸ್ಪಷ್ಟವಾಗಿ ಹೇಳಿತು. ತೀರ್ಪು ಸರಿಯಾದದ್ದೇ. ಆದರೆ ಆ ಮೇಷ್ಟ್ರುಗಳಿಗೆ ನೌಕರಿಯ ಹಕ್ಕು ಸಿಗಲಿಲ್ಲ. ಅಷ್ಟರಲ್ಲಿ ಕೈಸೇರಿದ್ದ ಸಂಬಳವನ್ನು ವಾಪಸ್ ಕೇಳಬಾರದು ಎಂದಷ್ಟೇ ಕೋರ್ಟು ಹೇಳಿತು. ತಪ್ಪು ಮಾಡಿದ್ದು ಸರ್ಕಾರ, ನೌಕರಿ ಕಳೆದುಕೊಂಡದ್ದು ಅವರು.