ಸಂಪಿನ ಮಣ್ಣು, ತಾರಸಿಯ ನೀರು

ನಾನು ಓದಿದ ಬೆಂಗಳೂರಿನ ಕಾಲೇಜಿನಲ್ಲಿ ಮೇ ತಿಂಗಳ ಒಂದು ಸಂಜೆ ಕಂಡದ್ದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಗೇಟಿನ ಬಳಿ ಟ್ಯಾಂಕರಿನಿಂದ ಸಂಪಿನೊಳಕ್ಕೆ, ಅಂದರೆ ನೆಲದಡಿಯ ತೊಟ್ಟಿಯೊಳಕ್ಕೆ, ನೀರು ಇಳಿಸುತ್ತಿದ್ದರು. ಅದೇ ಹೊತ್ತಿಗೆ ಸುರಿಯತೊಡಗಿದ ಮಳೆಯ ನೀರೆಲ್ಲ ತಾರಸಿಯ ಕೊಳವೆಗಳಿಂದ ಧುಮುಕಿ ಚರಂಡಿಯ ಪಾಲಾಗುತ್ತಿತ್ತು. ಹೊಸ ಕಟ್ಟಡ ಕಟ್ಟುವ ಕಾಲೇಜು ತಾರಸಿಯ ಮಳೆನೀರನ್ನೂ ತನ್ನ ನೆಲದ ಮಣ್ಣನ್ನೂ ಒಟ್ಟಿಗೇ ಬಳಸಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ.

1 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆಯನ್ನು 900 ಮಿಲಿಮೀಟರ್ ಎಂದು ಹಿಡಿದು, ಐದರಲ್ಲೊಂದು ಪಾಲು ಪೋಲಾಯಿತೆಂದು ಬಿಟ್ಟರೂ, 1,000 ಚದರ ಮೀಟರಿನ ಒಂದೇ ಕಟ್ಟಡದಿಂದ 7.2 ಲಕ್ಷ ಲೀಟರ್ ಸಿಗುತ್ತದೆ. ಅದು 12,000 ಲೀಟರಿನ 60 ಟ್ಯಾಂಕರುಗಳಿಗೆ ಸಮ.

ಆದರೆ ಮಳೆಕೊಯ್ಲು ಕೊಳವೆ ಜೋಡಿಸಿದ ದಿನಕ್ಕೇ ಮುಗಿಯುವ ಕೆಲಸವಲ್ಲ. ಮುಂಗಾರಿಗೆ ಮುಂಚೆ ತಾರಸಿಯ ತರಗೆಲೆ ಗುಡಿಸಬೇಕು, ಧೂಳು ಹೊತ್ತ ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಶೋಧಕದ ಜಲ್ಲಿ ಮರಳನ್ನು ತೊಳೆಯಬೇಕು. ಈ ಕೆಲಸ ಯಾರದೆಂದು ಗೊತ್ತುಪಡಿಸದ ಆವರಣಗಳಲ್ಲಿ ಇಂಗುಗುಂಡಿಗಳು ಹೂಳು ತುಂಬಿಕೊಂಡು, ಫಲಕ ಮಾತ್ರ ಉಳಿದಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಇನ್ನು ಹೊಸ ಕಟ್ಟಡದ ಗೋಡೆಯನ್ನು ಮಣ್ಣಿನ ಬ್ಲಾಕುಗಳಿಂದ ಕಟ್ಟುವ ವಿಷಯದಲ್ಲಂತೂ ನಾವು ದೂರ ಹೋಗಬೇಕಾಗಿಯೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ಅರಸಿತು, ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಅಲ್ಲಿ ಮಣ್ಣಿನ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಜರಡಿ ಹಿಡಿದ ಕೆಮ್ಮಣ್ಣಿಗೆ ಬೇಕಾದಷ್ಟು ಮರಳು, ಸಾಮಾನ್ಯವಾಗಿ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಬ್ಲಾಕು ಸಿದ್ಧವಾಗುತ್ತದೆ. ಭಟ್ಟಿಯಲ್ಲಿ ಸುಡುವ ಮಾತೇ ಇಲ್ಲದಿರುವುದರಿಂದ ಸೌದೆಯೂ ಕಲ್ಲಿದ್ದಲೂ ಉಳಿಯುತ್ತವೆ.

ಮಳೆಕೊಯ್ಲು, ಮಣ್ಣಿನ ಬ್ಲಾಕು ಇವೆರಡನ್ನೂ ಬೇರೆ ಬೇರೆ ಯೋಜನೆಗಳೆಂದು ನೋಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ಮಳೆನೀರಿನ ಸಂಪಿಗಾಗಿ ಅಗೆದ ಮಣ್ಣನ್ನು ಲಾರಿಗೆ ತುಂಬಿ ಊರಾಚೆ ಸುರಿಯುವ ಬದಲು, ಮೇಲ್ಪದರದ ಸಾರಮಣ್ಣನ್ನು ಗಿಡಗಳಿಗೆ ತೆಗೆದಿಟ್ಟು, ಕೆಳಗಿನದನ್ನು ಪರೀಕ್ಷಿಸಿ ಅಲ್ಲೇ ಬ್ಲಾಕು ಒತ್ತಬಹುದು. ಸಂಪು ಮೊದಲು ಮುಗಿದರೆ, ಆ ಬ್ಲಾಕುಗಳಿಗೆ ಉಣಿಸುವ ನೀರೂ ಹಳೆಯ ಕಟ್ಟಡದ ತಾರಸಿಯಿಂದಲೇ ಬಂದೀತು. ಅದಕ್ಕೆ ಸಂಪಿನ ಜಾಗವನ್ನು ತರಗತಿಯ ಕೋಣೆಗಳ ಜೊತೆಯಲ್ಲೇ, ಮೊದಲ ನಕ್ಷೆಯಲ್ಲೇ ಗುರುತಿಸಿರಬೇಕು.