ಅಪ್ಪನ ಹೆಗಲ ನೊಗ ಮತ್ತು ವಾಕ್ಯಗಳ ಸರದಿ

ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲೇ ಒಂದು ಹೊಲ ಬರುತ್ತದೆ. ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ಎತ್ತುಗಳಂತೆ ನಡೆಯುತ್ತಿದ್ದಾರೆ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಅದು ಮೋಜು. ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ ಎಂದು ತಿಳಿಯುವುದು ಆಮೇಲೆ. ಸಂಕಟ ಹುಟ್ಟುವುದು ಅದಕ್ಕೂ ಆಮೇಲೆ.

ಈ ಸರದಿಯನ್ನು ಹಿಂದುಮುಂದು ಮಾಡಿ ನೋಡಿ. ‘ನನ್ನ ತಂದೆಯನ್ನು ನೊಗಕ್ಕೆ ಹೂಡಿದ ಕ್ರೂರ ವ್ಯವಸ್ಥೆ’ ಎಂದೇ ಶುರುವಾಗಿದ್ದರೆ ಸಂಗತಿ ಬದಲಾಗುತ್ತಿರಲಿಲ್ಲ, ಸಿಟ್ಟೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಓದುವವರು ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಈಗಿರುವಂತೆ ಓದಿದಾಗ ಒಂದು ಕ್ಷಣ ನಾವೂ ಆ ಹುಡುಗನ ಪಕ್ಕದಲ್ಲಿ ನಿಂತು ಮೋಜು ನೋಡಿರುತ್ತೇವೆ. ಅಪ್ಪ ಎಂಬುದು ಗೊತ್ತಾದಾಗ ಆ ಮೋಜಿಗೆ ನಾವೂ ಲೆಕ್ಕ ಕೊಡಬೇಕಾಗುತ್ತದೆ. ಕಷ್ಟದ ಬಾಲ್ಯವನ್ನು ಬರೆಯುವ ಭಾಷೆಯ ಬಗ್ಗೆ ನನಗೆ ತಿಳಿದಿರುವ ಮುಖ್ಯ ಸಂಗತಿ ಇದು: ಕಂಡದ್ದು ಮೊದಲು, ತಿಳಿದದ್ದು ನಂತರ, ನೊಂದದ್ದು ಕೊನೆಗೆ. ದೊಡ್ಡವನಾದ ಲೇಖಕ ತನ್ನ ಅರಿವನ್ನು ಸ್ವಲ್ಪ ಹೊತ್ತು ತಡೆದು ಹಿಡಿಯಬೇಕು.

ಇದನ್ನು ನಾನು ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ಕುಷ್ಟಗಿ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ತರಗತಿಯ ಅನೇಕ ಮಕ್ಕಳ ಮನೆಯವರು ಗುಳೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡಗಳಿಗೆ ಹೋದ ಅಪ್ಪ ಅಮ್ಮ ಯುಗಾದಿಗೆ, ಊರ ಜಾತ್ರೆಗೆ ಮಾತ್ರ ಬರುತ್ತಾರೆ. ಅಜ್ಜಿಯ ಬಳಿಯೋ ಹಾಸ್ಟೆಲ್ಲಿನಲ್ಲೋ ಬೆಳೆದ ಈ ಮಕ್ಕಳಿಗೆ ಬಾಲ್ಯದ ಬಗ್ಗೆ ಬರೆಯಲು ಹೇಳಿದರೆ ಪುಟದ ತುಂಬ ‘ಕಿತ್ತು ತಿನ್ನುವ ಬಡತನ’, ‘ಕಣ್ಣೀರಿನ ಕೋಡಿ’, ‘ಕಷ್ಟಗಳ ಸರಮಾಲೆ’. ಇವು ಅವರ ಮಾತುಗಳಲ್ಲ. ಸನ್ಮಾನ ಸಮಾರಂಭದ ನಿರೂಪಕರಿಂದ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಬಗ್ಗೆ ಬರುವ ಸುದ್ದಿಗಳಿಂದ ಅವರಿಗೆ ಬಂದವು. ತಮ್ಮ ಬದುಕಿಗೆ ಮರ್ಯಾದೆ ಸಿಗಬೇಕಾದರೆ ಹೀಗೆಯೇ ಬರೆಯಬೇಕು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆ. ಅದು ನನ್ನನ್ನು ಬಹಳ ಕಾಡುತ್ತದೆ. ಇಂಥ ಪದಗುಚ್ಛ ಯಾರ ಮನೆಗಾದರೂ ಒಪ್ಪುತ್ತದೆ, ಹಾಗಾಗಿ ಯಾರ ಮನೆಯನ್ನೂ ತೋರಿಸುವುದಿಲ್ಲ.

ಅವರ ಬಾಲ್ಯದಲ್ಲಿ ಇರುವುದೇನು ಎಂಬುದು ನನಗೆ ಗೊತ್ತು, ಏಕೆಂದರೆ ನನ್ನದರಲ್ಲೂ ಅದೇ ಇತ್ತು. ನಮ್ಮ ಭಾಗದಲ್ಲಿ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸ, ಅಂದರೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸುವ ಕೆಲಸ, ಎಲ್ಲರಿಗೂ ಗೊತ್ತು. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ಮಧ್ಯಾಹ್ನವೇ ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಅದರ ದಳವನ್ನೂ ಪರಾಗಕೋಶಗಳನ್ನೂ ಸುಲಿದು ತೆಗೆಯಬೇಕು. ಒಳಗಿನ ಶಲಾಕೆಗೆ ಗಾಯವಾಗಬಾರದು. ಗುರುತಿಗೆ ಕೆಂಪು ಹಾಳೆಯ ಚೀಲ ಸಿಕ್ಕಿಸಬೇಕು. ಬೆಳಿಗ್ಗೆ ಬಿಸಿಲು ಏರುವ ಮೊದಲು ಗಂಡು ಹೂ ತಂದು ಒಂದೊಂದಕ್ಕೂ ಪರಾಗ ಸವರಬೇಕು. ಒಂದು ಗಂಡು ಹೂವು ನಾಲ್ಕೈದು ಮೊಗ್ಗಿಗೆ ಸಾಕು. ಗಿಡ ಮಕ್ಕಳ ಎತ್ತರಕ್ಕಿರುತ್ತದೆ, ಬೆರಳು ಸಣ್ಣವಾಗಿದ್ದರೆ ಕೆಲಸ ಚುರುಕು. ಅದಕ್ಕೇ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದರು. ನನ್ನ ಅಕ್ಕ ಬಲಗೈ ಹೆಬ್ಬೆರಳಿನ ಉಗುರನ್ನು ಈ ಕೆಲಸಕ್ಕೆಂದೇ ಬೆಳೆಸುತ್ತಿದ್ದಳು. ಆ ಉದ್ದ ಉಗುರು ನನಗೂ ಬೇಕು ಎಂದು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ. ಅಕ್ಕ ಶಾಲೆ ಬಿಟ್ಟಿದ್ದಾಳೆ ಎಂಬುದು ನನಗೆ ಹೊಳೆದದ್ದು ಆ ಉಗುರನ್ನು ನೋಡಿ ಎಷ್ಟೋ ಕಾಲವಾದ ಮೇಲೆ.

ಇಲ್ಲಿ ಕ್ರಿಯಾಪದಗಳ ಮಾತು ಹೇಳಬೇಕು. ‘ಬೆಳೆಸುತ್ತಿದ್ದಳು’, ‘ಹೋಗುತ್ತಿದ್ದೆವು’, ‘ಕಾಯುತ್ತಿದ್ದೆವು’: ಕಷ್ಟದ ಬಾಲ್ಯ ಕನ್ನಡದಲ್ಲಿ ಹೆಚ್ಚಾಗಿ ಈ ರೂಪದಲ್ಲೇ ಬರುತ್ತದೆ. ನಿತ್ಯವೂ ನಡೆಯುವುದರಿಂದ ಅದು ಘಟನೆಯಂತೆ ಕಾಣುವುದಿಲ್ಲ, ಹವಾಮಾನದಂತೆ ಕಾಣುತ್ತದೆ. ಹೀಗೆ ಸಾಗುವ ಪುಟದಲ್ಲಿ ‘ಅಂದು ಅವಳು ಬರಲಿಲ್ಲ’ ಎಂಬ ಒಂದೇ ಒಂದು ಮುಗಿದ ಕ್ರಿಯೆ ಬಂದರೆ ಓದುಗರ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಆತ್ಮಕಥೆಗಾರರು ಇದನ್ನು ಲೆಕ್ಕ ಹಾಕಿ ಮಾಡುತ್ತಾರೋ ಕಿವಿಯಿಂದಲೇ ಮಾಡುತ್ತಾರೋ, ಮಾಡಿರುವುದಂತೂ ಕಾಣುತ್ತದೆ. ನೆನಪನ್ನೆಲ್ಲ ಘಟನೆಗಳ ಪಟ್ಟಿಯಾಗಿ ಬರೆಯುವವರಿಗೆ ಇದು ದಕ್ಕುವುದಿಲ್ಲ.

ಎಸ್.ಎಲ್. ಭೈರಪ್ಪನವರು ತಮ್ಮ ಬಾಲ್ಯದ ನೆಲಕ್ಕೆ ಎರಡು ಸಲ ಹೋದರು. ‘ಗೃಹಭಂಗ’ 1970ರದು, ‘ಭಿತ್ತಿ’ 1996ರದು. ಮೊದಲನೆಯದು ಕಾದಂಬರಿ, ಎರಡನೆಯದು ಆತ್ಮವೃತ್ತಾಂತ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದು ನನಗೆ ಇಷ್ಟ. ‘ಗೃಹಭಂಗ’ದ ಕೇಂದ್ರದಲ್ಲಿ ತಾಯಿ ನಂಜಮ್ಮ ಇದ್ದಾಳೆ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮನೆ ನಡೆಸುವವಳು. ಪ್ಲೇಗು ಬಂದು ಅವಳ ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ಬರನ್ನೂ ಒಯ್ಯುವ ಪುಟಗಳಲ್ಲಿ ಉಪಮೆಗಳಿಲ್ಲ, ಉದ್ಗಾರಗಳಿಲ್ಲ. ಜ್ವರ, ಗಡ್ಡೆ, ಹೆಣ, ಮುಂದಿನ ಕೆಲಸ. ಉಳಿದ ಹುಡುಗ ವಿಶ್ವ ಅಂಚಿನಲ್ಲಿರುವ ಒಂದು ಸಣ್ಣ ಆಕೃತಿ. ‘ಭಿತ್ತಿ’ಯಲ್ಲಿ ‘ನಾನು’ ಬಂದು ನಿಲ್ಲುತ್ತದೆ, ಸಾವಿನ ಭಾರ ಆ ಒಬ್ಬ ಹುಡುಗನ ಮೈಮೇಲೆ ಬೀಳುತ್ತದೆ. ಯಾವುದು ಮೇಲು ಎಂದು ಕೇಳಿದರೆ ನಾನು ಕಾದಂಬರಿ ಎನ್ನುತ್ತೇನೆ. ತನ್ನ ಬಾಲ್ಯವನ್ನು ಹೇಳಲು ತಾನು ಪಕ್ಕಕ್ಕೆ ಸರಿದು ತಾಯಿಗೆ ಜಾಗ ಬಿಟ್ಟಿದ್ದರಿಂದ ಆ ಮನೆಯ ಮುರಿತ ಪೂರ್ತಿಯಾಗಿ ಕಾಣುತ್ತದೆ. ಮಗುವಿನ ಕಷ್ಟ ಎಂದರೆ ಬಹಳ ಸಲ ದೊಡ್ಡವರ ಕಷ್ಟದ ನೆರಳು ತಾನೆ?

ನಮ್ಮ ಸೀಮೆಗೆ ಹತ್ತಿರದ ಪುಸ್ತಕವೂ ಒಂದಿದೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು ತಮ್ಮ ಕಥೆಯನ್ನು ಹೇಳಿದರು, ಅರುಣ್ ಜೋಳದಕೂಡ್ಲಿಗಿಯವರು ಬರಹಕ್ಕಿಳಿಸಿದರು. ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಕೇಳಿದ ಕೂಡಲೇ ನಮಗೆ ವಚನಕಾರ ದಾಸಿಮಯ್ಯನ ‘ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ’ ನೆನಪಾಗುತ್ತದೆ. ಮಗನಾಗಿ ಬೆಳೆದವರನ್ನು ನಮ್ಮ ಕೊಪ್ಪಳ ಜಿಲ್ಲೆಯ ಹುಲಿಗೆಮ್ಮನ ಗುಡಿಯಲ್ಲಿ ದೇವಿಗೆ ಮೀಸಲಾದ ಜೋಗತಿಯಾಗಿಸಿದ ಸಂದರ್ಭವನ್ನು ಮಂಜಮ್ಮ ಹಲವು ಕಡೆ ಹೇಳಿದ್ದಾರೆ. ಅವರ ಮಾತಿನಲ್ಲಿ ಮೊದಲು ಬರುವುದು ವಸ್ತುಗಳು: ಹರಿದ ಉಡಿದಾರ, ಕೊಟ್ಟ ಲಂಗ, ರವಿಕೆ, ಬಳೆ. ಮಗ ಸತ್ತಂತೆ ಅಳುವ ತಾಯಿ. ಗುರುತು, ಲಿಂಗ, ಸಮಾಜ ಎಂಬ ದೊಡ್ಡ ಮಾತುಗಳನ್ನು ನಾವು ಬೇಕಾದರೆ ಆಮೇಲೆ ಸೇರಿಸಿಕೊಳ್ಳಬಹುದು, ಉಡಿದಾರ ಹರಿದಾಗ ಎಲ್ಲವೂ ಆಗಿಹೋಗಿರುತ್ತದೆ. ಬಾಯಿಂದ ಹೇಳಿದ ಕಥೆಗೆ ಎದುರಿಗೆ ಕೇಳುವವರು ಇರುತ್ತಾರೆ. ಕೇಳುವವರ ಮುಖ ನೋಡಿಕೊಂಡು ಹೇಳುವಾಗ ಅಲಂಕಾರ ತಾನಾಗಿಯೇ ಕಡಿಮೆಯಾಗುತ್ತದೆ.

ನಗುವಿನ ವಿಷಯಕ್ಕೆ ಬಂದರೆ ನನಗೂ ಒಬ್ಬ ಹಿರಿಯ ಸಹೋದ್ಯೋಗಿಗೂ ಬಹಳ ಕಾಲದಿಂದ ಜಗಳವಿದೆ. ‘ಊರುಕೇರಿ’ಯಲ್ಲಿ ನಗು ಹೆಚ್ಚಾಗಿ ಸಿಟ್ಟು ತೆಳುವಾಯಿತು ಎಂಬುದು ಅವರ ವಾದ. ವಿಮರ್ಶಕ ಡಿ.ಆರ್. ನಾಗರಾಜ್ ಆ ಪುಸ್ತಕದ ಬಗ್ಗೆ ಬರೆಯುತ್ತಾ ಬಡವರ ನಗುವಿನ ಶಕ್ತಿಯನ್ನೇ ಎತ್ತಿ ಹಿಡಿದರು. ನಾನು ನಾಗರಾಜರ ಕಡೆ. ಕ್ರಾಸಿಂಗ್ ಹೊಲದಲ್ಲಿ ನಾವು ನಗುತ್ತಿದ್ದೆವು, ಹಾಡುತ್ತಿದ್ದೆವು, ಮೇಸ್ತ್ರಿಯ ನಡಿಗೆಯನ್ನು ಅವನ ಬೆನ್ನ ಹಿಂದೆ ಅಣಕಿಸುತ್ತಿದ್ದೆವು. ಆ ನಗುವನ್ನು ಬಿಟ್ಟು ಬರೆದರೆ ಅಲ್ಲಿ ಕೂಲಿಗಳು ಮಾತ್ರ ಉಳಿಯುತ್ತಾರೆ, ಮಕ್ಕಳು ಕಾಣೆಯಾಗುತ್ತಾರೆ. ಅಲ್ಲಿದ್ದವರು ಮಕ್ಕಳು ಎಂಬುದೇ ಅಲ್ಲವೇ ತಕರಾರು?

ಈ ವರ್ಷ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ತನ್ನ ಪ್ರಬಂಧವನ್ನು ಮತ್ತೆ ಬರೆದು ತಂದಳು. ಮೊದಲ ಕರಡಿನಲ್ಲಿದ್ದ ಕಣ್ಣೀರಿನ ಕೋಡಿ ಹೋಗಿತ್ತು. ಬೆಂಗಳೂರಿನಲ್ಲಿ ಅರ್ಧ ಕಟ್ಟಿದ ಮನೆಯೊಂದರ ಮೂರನೇ ಮಹಡಿಯಲ್ಲಿ ತಮ್ಮನನ್ನು ಆಡಿಸುತ್ತಾ ಕಾಲ ಕಳೆದದ್ದು ಬಂದಿತ್ತು. ಇನ್ನೂ ಗೋಡೆ ಬರದ ಕಡೆಗೆ ಅವನು ಹೋಗದಂತೆ ಅವನ ಸೊಂಟಕ್ಕೂ ಕಂಬಕ್ಕೂ ಅಮ್ಮನ ಹಳೆಯ ಸೀರೆ ಕಟ್ಟಿದ್ದರು. ಅದನ್ನು ಅವಳು ಆಟದಂತೆಯೇ ವರ್ಣಿಸಿದ್ದಳು. ತಮ್ಮ ಕಂಬ ಸುತ್ತುತ್ತಾನೆ, ಸೀರೆ ಗಿಡ್ಡವಾಗುತ್ತದೆ, ತಿರುಗಿ ಬಿಚ್ಚುತ್ತಾನೆ. ಓದುತ್ತಾ ನನ್ನ ಕೈ ತಣ್ಣಗಾಯಿತು.

ಆದರೆ ಪ್ರಬಂಧದ ಕೊನೆಯ ಭಾಗದಲ್ಲಿ ಒಂದು ಸಾಲು ಬೇರೆ ಧಾಟಿಯಲ್ಲಿತ್ತು. ಆ ಮನೆಯಲ್ಲಿ ಈಗ ಇರುವವರಿಗೆ ಆ ಕಂಬ ಯಾವುದು ಎಂದು ಗೊತ್ತಿರಬೇಕು ಎಂದು ಬರೆದಿದ್ದಳು. ಉಳಿದದ್ದೆಲ್ಲ ಮಗುವಿನ ಕಣ್ಣಿನದು, ಇದು ಹದಿನೇಳರ ಹುಡುಗಿಯದು, ಇದನ್ನು ತೆಗೆಯಬಹುದೇ ಎಂದು ಕೇಳಿದೆ. ತೆಗೆಯುವುದಿಲ್ಲ ಎಂದಳು. ಅಷ್ಟು ಹೊತ್ತು ಸುಮ್ಮನಿದ್ದೆನಲ್ಲ ಮೇಡಂ, ಒಂದು ಸಾಲನ್ನಾದರೂ ನಾನು ಹೇಳಬೇಕು ಎಂದಳು. ಇನ್ನೊಮ್ಮೆ ಮೊದಲಿನಿಂದ ಓದಿದೆ. ಆ ಸಾಲು ಬರುವ ಹೊತ್ತಿಗೆ ಕಂಬವನ್ನು ನಾನು ಕಂಡಿದ್ದೆ, ಸೀರೆಯನ್ನೂ ಕಂಡಿದ್ದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಪ್ರಬಂಧವನ್ನು ಹಾಗೆಯೇ, ಆ ಸಾಲಿನ ಸಮೇತ, ಕೊಟ್ಟಿದ್ದೇನೆ.